ಖಾಲಿ ಬಿಟ್ಟರೆ ಬರುವ ಹೆಸರು

ಚಳಿ ಆಗತಾನೆ ಕಾಲಿಟ್ಟಿತ್ತು, ಬೆಳಗಿನ ಒಂಬತ್ತರ ಹೊತ್ತು. ನಾನು ಚಹಾದ ತಟ್ಟೆ ಹಿಡಿದು ಆಫೀಸಿನೊಳಗೆ ಹೋದರೆ, ಹೊಸದಾಗಿ ಕೆಲಸಕ್ಕೆ ಸೇರಿದವನು ಕಂಪ್ಯೂಟರ್ ತೆರೆದು ಬೆಪ್ಪಾಗಿ ಕೂತಿದ್ದ. ಪರದೆಯ ಮೇಲೆ ಒಂದೇ ಸಾಲು: ‘ಚುಕ್ಕಿ, ಬಂದ್ಯಾ?’

“ಅಮ್ಮಾ, ಯಾರಿದು ಚುಕ್ಕಿ?”

“ನಾನೇ,” ಎಂದಳು ಪಕ್ಕದ ಮೇಜಿನವಳು, ತಲೆ ಎತ್ತದೆ. “ಹಳೇ ಬಗ್ ಅದು. ಅಭ್ಯಾಸ ಆಗತ್ತೆ ಬಿಡಿ.”

ನನಗೆ ಅಕ್ಷರ ಅಷ್ಟಕ್ಕಷ್ಟೆ. ಅವಳೇ ಹಿಂದೊಮ್ಮೆ ತಿಳಿಯಹೇಳಿದ್ದಳು. ಅಲ್ಲಿ ಕಟ್ಟುವುದು ಕಾನ್ಫಿಗ್ ಲೈಬ್ರರಿ. ಯಾವ ಬಣ್ಣ, ಎಷ್ಟು ಹೊತ್ತು ಕಾಯಲಿ, ಯಾರ ಹೆಸರು ಎಂದು ಬೇರೆ ಪ್ರೋಗ್ರಾಮುಗಳು ಅದನ್ನು ಕೇಳಿಕೊಂಡು ನಡೆಯುತ್ತವಂತೆ. ಏನೂ ಬರೆಯದೆ ಖಾಲಿ ಬಿಟ್ಟರೆ, ಮೊದಲು ಕಟ್ಟಿದವನು ಇಟ್ಟ ಉತ್ತರವನ್ನೇ ಕೊಡುತ್ತದಂತೆ.

ಮೊದಲು ಕಟ್ಟಿದವನು ಅವಳನ್ನು ಮದುವೆಯಾಗಬೇಕಿದ್ದವನು. ಹೆಸರಿನ ಜಾಗದಲ್ಲಿ ತಮಾಷೆಗೆಂದು ಅವಳ ಅಡ್ಡಹೆಸರಿಟ್ಟ. ರಸ್ತೆ ಅಪಘಾತದಲ್ಲಿ ಅವನು ಹೋದ, ಕರೆ ಉಳಿಯಿತು. ಹೊಸ ಯಂತ್ರ ತೆರೆದಾಗಲೆಲ್ಲ ಅವಳ ಬೆನ್ನು ನೆಟ್ಟಗಾಗುವುದನ್ನು ನಾನು ಕಂಡಿದ್ದೇನೆ.

ಆ ಲೈಬ್ರರಿಯ ಹೊಸ ಆವೃತ್ತಿಯ ಕೆಲಸ ಹೊಸಬನ ಪಾಲಿಗೆ ಬಂತು. ಹಳೆಯ ಸೆಟ್ಟಿಂಗ್ ಕೆಡದಂತೆ ಹೊಸದನ್ನು ಸೇರಿಸುವುದು, ತಪ್ಪು ಬರೆದರೆ ಯಾವ ಸಾಲೆಂದು ತೋರಿಸುವುದು, ಎಲ್ಲ ಮಾಡಿದ. ಅಷ್ಟರಲ್ಲಿ ಕಥೆ ಅವನಿಗೂ ತಿಳಿದಿತ್ತು; ಆ ಕರೆಯೊಂದನ್ನು ಮಾತ್ರ ಮುಟ್ಟಲಿಲ್ಲ.

ಲೋಟದ ಅಂಚಿನಿಂದ ಅವಳನ್ನು ನೋಡುವನು. ಅವಳು ತಿರುಗಿದರೆ ಚಹಾ ಊದುವನು.

“ತಣ್ಣಗಾಗಿ ಎಷ್ಟೊತ್ತಾಯ್ತು, ಇನ್ನೂ ಊದ್ತಿದೀರಲ್ಲ!” ಎಂದು ಅವಳು ನಕ್ಕಳು.

ಅವಳು ನಕ್ಕದ್ದನ್ನು ನಾನು ಕಂಡು ಬಹಳ ಕಾಲವಾಗಿತ್ತು.

ಆವೃತ್ತಿ ಹೊರಡುವ ದಿನ, ಮಧ್ಯಾಹ್ನ, ಅವಳೇ ಕೇಳಿದಳು. “ಎಲ್ಲ ಸರಿ ಮಾಡಿದ್ರಿ. ಇದನ್ಯಾಕೆ ಬಿಟ್ರಿ?”

“ಅವರು ಕರೀತಿರೋದು ನಿಮ್ಮನ್ನ. ಬಾಯಿ ಮುಚ್ಚಿಸೋಕೆ ನಾನ್ಯಾರು?”

“ಹಾಗಾದ್ರೆ ಜೀವಮಾನವೆಲ್ಲ ಚಹಾ ಊದ್ತಾ ಕೂರ್ತೀರಾ?”

ಅವನ ಕಿವಿ ಕೆಂಪಾಯಿತು. “ನೀವು ಕೂರು ಅಂದ್ರೆ ಕೂರ್ತೀನಿ.”

ಅವಳು ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತಳು. ಬೆರಳು ಕೀಲಿಯ ಮೇಲೆ ಬಹಳ ಹೊತ್ತು ನಿಂತಿತು. ತುಟಿಯಲ್ಲಿ ಏನೋ ಹೇಳಿಕೊಂಡಳು. “ಬಂದೆ ಕಣೋ” ಅಂದಂತಿತ್ತು. ಆಮೇಲೆ ಆ ಸಾಲನ್ನು ತಾನೇ ಅಳಿಸಿದಳು.

ಹೊಸ ಯಂತ್ರ ತೆರೆದರು. ‘ನಿಮ್ಮ ಹೆಸರು?’ ಎಂದಷ್ಟೇ ಕೇಳಿತು. ಹೊಸಬ ಅವಳ ಮುಖ ನೋಡಿದ.

“ನನ್ನನ್ನ ಏನಂತ ಕರೀತೀರೋ ನೀವೇ ಯೋಚಿಸಿ,” ಎಂದಳು. “ಚುಕ್ಕಿ ಬೇಡ. ಅದು ಅವನದು.”

ಸತ್ತವನ ಲೋಟವನ್ನು ನನ್ನ ಕೈ ಅಷ್ಟು ಕಾಲವೂ ತಟ್ಟೆಯಲ್ಲಿಡುತ್ತಿತ್ತು. ಅಂದು ಸಂಜೆ ಅದನ್ನು ತೊಳೆದು ಬೋರಲು ಹಾಕಿದೆ. ಅವನು ತೀರಿಕೊಂಡದ್ದು ಒಂದು ಸೋಮವಾರ. ನಮ್ಮನ್ನು ಬಿಟ್ಟು ಹೊರಟುಹೋದದ್ದು ಅವಳು ಆ ಸಾಲು ಅಳಿಸಿದ ಶುಕ್ರವಾರ.