ಕುರ್ಚಿಗೆ ಉದ್ದವಾದ ಮಾಲೆ

"ಗಂಡಿನ ಮಾಲೆ ಸಣ್ಣ್ ಸಾಕ್ ಶರ್ಮಿಳಾ. ಕುರ್ಚಿಗ್ ಹಾಕುದಲ್ದಾ," ಎಂದ ಉಮಾನಾಥ.

ನಾವುಂದದಲ್ಲಿ ಬಸ್ಸಿಳಿದು ಹಾಲಿನ ಡೈರಿ ದಾಟಿದರೆ ಶರ್ಮಿಳಾಳ ಕೋಣೆ. ಗೋಡೆ ತುಂಬ ರಿಬ್ಬನ್ನಿನ ಸುರುಳಿಗಳು, ಮುತ್ತಿನ ಪ್ಯಾಕೆಟ್ಟುಗಳು. ಮಂಟಪಕ್ಕೆ ಬೇಕಾದ ರಿಬ್ಬನ್ ಗುಲಾಬಿ, ಧಾರೆಗೆ ಬೇಕಾದ ಮಾಲೆ, ಆರತಿ ತಟ್ಟೆಯ ಅಂಚು, ಎಲ್ಲವೂ ಅವಳ ಕೈಯಲ್ಲೇ ಆಗಬೇಕು. ಆಷಾಢದಲ್ಲಿ ಮಾತ್ರ ಅವಳಿಗೆ ಕೆಲಸವಿಲ್ಲ. ಆಷಾಢದಲ್ಲಿ ಬುದ್ಧಿ ಇದ್ದವರು ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ.

"ಆಸಾಡಿಯಗೆ ಯಾರ್ ಮದಿ ಅಣ್ಣಯ್ಯ? ಕುರ್ಚಿಗ್ ಎಂತಕೆ?"

ಉಮಾನಾಥ ಕೊಡೆಯನ್ನು ಬಾಗಿಲ ಹೊರಗೆ ಕೊಡವಿದ. ಮತ್ತೊಮ್ಮೆ ಕೊಡವಿದ. "ನಮ್ಮ ಸುಶಾಂತಂದ್," ಎಂದ.

ರಿಬ್ಬನ್ನಿನ ತುದಿ ಎಳೆ ಬಿಡದ ಹಾಗೆ ಅದನ್ನು ಮೇಣದ ಬತ್ತಿಗೆ ತುಸುವೇ ತೋರಿಸಬೇಕು. ಶರ್ಮಿಳಾ ತೋರಿಸಿದವಳು ಕೈ ಹಿಂದೆ ತೆಗೆಯಲಿಲ್ಲ. ಬಿಳಿ ರಿಬ್ಬನ್ ಕಪ್ಪಾಗಿ, ಬೆರಳಿಗೆ ಬಿಸಿ ತಾಗಿದ ಮೇಲೆ ಬಿಟ್ಟಳು.

ಸುಶಾಂತ ಉಮಾನಾಥನ ತಮ್ಮ. ಹೋದ ವರ್ಷ ಸಾಸ್ತಾನದ ಹತ್ತಿರ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಬೈಕ್ ತಾಗಿಸಿಕೊಂಡು ಸತ್ತಿದ್ದ.

"ಅನಿಷಂಗ್ ಬಂದ್ ಸಂಬಂಧ ಎಲ್ಲಾ ಮುರ್ದ್ ಹೋತಾ ಇತ್ತ್," ಎಂದ ಉಮಾನಾಥ. ಅನಿಷಾ ಆ ಮನೆಯ ಕಿರಿಯ ಮಗಳು. "ಜೋಯ್ಸ್ರತ್ರ ಕೇಂಡ್ರೆ, ಅವ್ನಿಗ್ ಮದಿ ಆಯ್ಲ, ಮನಿ ಬಾಗ್ಲಗೇ ನಿಂತಿದ್ದ ಅಂಬ್ರ್. ಬ್ರಹ್ಮಾವರ ಬದಿ ಒಂದ್ ಹೆಣ್ಣ್ ಸಿಕ್ಕಿತ್. ತೃಷಾ ಅಂದೇಳಿ. ಸಣ್ಣ್ ಪ್ರಾಯದಗೇ ಜ್ವರ ಬಂದ್ ಹೋದ್ ಮಗು. ಇದ್ದಿದ್ರೆ ಈಗ್ ಮದಿ ಪ್ರಾಯ."

ಮದುವೆಯಾಗದೆ ಸತ್ತವರಿಗೆ ಆಷಾಢದಲ್ಲಿ ಸತ್ತವರನ್ನೇ ಹುಡುಕಿ ಮದುವೆ ಮಾಡುವ ಕ್ರಮ ಶರ್ಮಿಳಾಳಿಗೆ ಗೊತ್ತಿತ್ತು. ಒಂದು ಕುರ್ಚಿಗೆ ಪಂಚೆ ಶಾಲು, ಇನ್ನೊಂದಕ್ಕೆ ಧಾರೆ ಸೀರೆ. ನಿಶ್ಚಿತಾರ್ಥವೂ ಉಂಟು, ಊಟವೂ ಉಂಟು. ಜಾತಿ, ಗೋತ್ರದಂಥ ಬಳಿ ಎಲ್ಲ ನೋಡಿಯೇ ಹೆಣ್ಣು ಹುಡುಕುತ್ತಾರೆ. ಸತ್ತ ಮೇಲೂ ಸುಶಾಂತನಿಗೆ ಶರ್ಮಿಳಾಳ ಜಾತಿ ಆಗುತ್ತಿರಲಿಲ್ಲ.

"ನನ್ ಮದಿಯಗೆ ಮಾಡ್ದಂಗ್ ಉದ್ದ ಮಾಡ್ಬ್ಯಾಡ ಮತ್ತೆ," ಎಂದು ಉಮಾನಾಥ ನಗಲು ನೋಡಿದ. ನಗು ಬರಲಿಲ್ಲ. ಕೊಡೆ ಬಿಡಿಸಿ ಹೊರಟುಹೋದ.

ಆ ಉದ್ದದ ಮಾಲೆ!

ಉಮಾನಾಥನ ಮದುವೆಗೆ ಮೊದಲು, ಗಂಡು ಮಾಲೆಯ ಅಳತೆಗೆ ಬರುತ್ತಾನೆಂದು ಫೋನ್ ಬಂದಿತ್ತು. ಬಂದವನು ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರದವನು. ಇವನೇ ಗಂಡು ಎಂದು ಶರ್ಮಿಳಾ ಅವನನ್ನು ನಡುವೆ ನಿಲ್ಲಿಸಿ, ಕುತ್ತಿಗೆಗೆ ದಾರ ಹಾಕಿ, ಹೊಕ್ಕುಳಿಂದ ಒಂದು ಗೇಣು ಕೆಳಗೆ ಗಂಟು ಹಾಕಿದಳು. ಅವಳು ಬಗ್ಗಿದರೆ ಅವನ ಕಣ್ಣೂ ಬಗ್ಗುತ್ತಿತ್ತು, ಎದ್ದರೆ ಏಳುತ್ತಿತ್ತು.

"ಕಣ್ಣ್ ಗ್ವಾಡಿ ಮೇಲ್ ಇರ್ಲಿ," ಎಂದಳು.

"ಗ್ವಾಡಿ ಮೇಲ್ ಬರೀ ರಿಬ್ಬನ್ ಅಲ್ದಾ."

"ನಾಡಿದ್ ಮದಿ ಇಟ್ಕಂಡ್ ಹೀಂಗ್ ಕಾಂಬುಕೆ ನಾಚ್ಕಿ ಆತಿಲ್ಯಾ ನಿಮ್ಗೆ?"

"ಇಲ್ಲೆ," ಎಂದ. ಮದುವೆ ತನ್ನದಲ್ಲ ಎಂದು ಆಗಲೇ ಹೇಳಬಹುದಿತ್ತು. ಮಹಾಶಯ ಹೇಳಲಿಲ್ಲ.

ಅಣ್ಣನ ಬದಲಿಗೆ ಬಂದಿದ್ದವನು ಸುಶಾಂತ. ಉಮಾನಾಥ ಕುಳ್ಳ. ಧಾರೆ ಮಂಟಪದಲ್ಲಿ ಮಾಲೆ ಅವನ ಮೊಣಕಾಲಿಗೆ ಬಡಿಯಿತು, ಇಡೀ ಹಾಲ್ ನಕ್ಕಿತು. ಮರುದಿನ ಸುಶಾಂತ ಅದೇ ಮಾಲೆ ಹಿಡಿದುಕೊಂಡು, ಜೊತೆಗೆ ಒಂದು ಪೊಟ್ಟಣ ಗೋಳಿಬಜೆಯನ್ನೂ ತಂದು ಬಾಗಿಲಲ್ಲಿ ನಿಂತಿದ್ದ.

"ಗಂಡ್ ನಾನಲ್ಲ ಅಂದೇಳಿ ಹೇಳುಕೆ ಎಂತ ಆಯ್ದ್ ನಿಮ್ಗೆ?" ಶರ್ಮಿಳಾಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ಹೇಳಿರೆ ಅಳತಿ ತೆಗಿತಿದ್ಯಾ?"

ಸಿಟ್ಟು ಅಲ್ಲಿಗೆ ಮುಗಿಯಿತು. ಅವನು ಮಾಲೆಯನ್ನು ಅವಳ ಕುತ್ತಿಗೆಗೆ ಹಾಕಿದ. ಅದು ಹೆಚ್ಚುಕಡಿಮೆ ಅವಳ ಪಾದಕ್ಕೇ ಬಂತು. ಅವಳು ಅದನ್ನು ತೆಗೆದು, ಸ್ಟೂಲ್ ಹತ್ತಿ, ಅವನ ಕುತ್ತಿಗೆಗೆ ಹಾಕಿ "ಕಾಣಿ, ಸರೀ ಇತ್ತ್" ಎಂದಳು. ನಗುತ್ತಲೇ ಇದ್ದವಳು ಸ್ಟೂಲಿನಿಂದ ಇಳಿಯುವುದನ್ನು ಮರೆತಳು. ಗೋಳಿಬಜೆ ತಣ್ಣಗಾಯಿತು.

ಆಮೇಲೆ ಅವನು ರಿಬ್ಬನ್ ಕತ್ತರಿಸಿಕೊಡುವ ನೆವದಲ್ಲಿ ಬರತೊಡಗಿದ. ಒಂದನ್ನೂ ಸಮ ಕತ್ತರಿಸಲಿಲ್ಲ. "ಮನ್ಯಗೆ ಯಾವಾಗ್ ಹೇಳ್ತ್ರಿ?" ಎಂದು ಕೇಳಿದರೆ ಅವನದು ಒಂದೇ ಉತ್ತರ: "ಅನಿಷಂದೊಂದ್ ಮದಿ ಆಯ್ಲಿ. ಕಡಿಗ್ ಹೇಳ್ತೆ."

ಅವನು ಸತ್ತ ಸುದ್ದಿ ಅವಳಿಗೆ ಸಿಕ್ಕಿದ್ದು ಯಾರದೋ ವಾಟ್ಸಾಪ್ ಸ್ಟೇಟಸ್‌ನಲ್ಲಿ. ಗಟ್ಟಿಯಾಗಿ ಅಳಬೇಕಾದರೆ ಸತ್ತವನಿಗೆ ಏನಾದರೂ ಆಗಿರಬೇಕು. ಅವಳು ಏನೂ ಆಗಿರಲಿಲ್ಲ. ಅವತ್ತು ಸಂಜೆ ಯಾರದೋ ಸೀಮಂತಕ್ಕೆ ಹಳದಿ ಗುಲಾಬಿ ಮಾಡಿಕೊಟ್ಟಳು.

ಈಗ ಈ ಕೆಲಸವನ್ನು ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಅವನ ಮಾಲೆಯನ್ನು ಇನ್ನೊಬ್ಬರ ಕೈ ಕಟ್ಟುವುದನ್ನು ನೆನೆದರೇ ಹೊಟ್ಟೆ ಉರಿಯಿತು. ಮೊದಲು ಹೆಣ್ಣಿನ ಮಾಲೆಗೆ ಕೂತಳು. ಗುಲಾಬಿಗಳು ಸೊಟ್ಟಗಾದವು, ಬೇಕೆಂದೇ ಸೊಟ್ಟ ಮಾಡುತ್ತಿದ್ದೇನೆಂದು ತಿಳಿದಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಜ್ವರದಲ್ಲಿ ಹೋದ ಮಗುವಿನ ಮೇಲೆ ಹೊಟ್ಟೆಕಿಚ್ಚೇ? ಎಲ್ಲ ಬಿಚ್ಚಿ, ನಸುಗೆಂಪು ರಿಬ್ಬನ್ನಿನಲ್ಲಿ ಚಿಕ್ಕ ಚಿಕ್ಕ ಮೊಗ್ಗು ಮಾಡಿ, ನಡುವೆ ಮುತ್ತು ಕೂರಿಸಿದಳು. ಗಂಡಿನ ಮಾಲೆಯನ್ನು ಕೊನೆಗೆ ಮಾಡಿದಳು. ಅದಕ್ಕೆ ದಾರ ಹಿಡಿಯಲಿಲ್ಲ, ಟೇಪ್ ಹಿಡಿಯಲಿಲ್ಲ. ಕೈ ನಿಂತಲ್ಲಿಗೆ ಗಂಟು ಹಾಕಿದಳು.

ಯಡ್ತರೆಯ ಸುಶಾಂತನ ಮನೆಯೊಳಗೆ ಅವಳು ಹಿಂದೆಂದೂ ಕಾಲಿಟ್ಟಿರಲಿಲ್ಲ. ಅವನು ಇದ್ದಾಗ ಬರಲಾಗಲಿಲ್ಲ, ಹೆಣ ಬಂದಾಗಲೂ ಬರಲಾಗಲಿಲ್ಲ. ಇವತ್ತಾದರೂ ಒಳಗೆ ಕೂತು ಅವನನ್ನು ಕಳಿಸಿಕೊಡಬೇಕು, ಅವಳಿಗೆ ಬೇಕಾಗಿದ್ದುದು ಇಷ್ಟೇ.

ಬಾಗಿಲಲ್ಲಿ ಅವನ ದೊಡ್ಡಮ್ಮ ಕಾವಲಿಗೆ ಕೂತಿದ್ದರು. "ಮದಿ ಆಗ್ದವ್ರ್, ಮಕ್ಳ್ ಒಳ್ಗ್ ಬಪ್ಪುಕಾಗ," ಎನ್ನುತ್ತಿದ್ದರು. ಸತ್ತವರ ಮದುವೆ ಕಂಡರೆ ತಮ್ಮ ಮದುವೆಗೆ ಅಡ್ಡಿ ಎಂಬ ಹೆದರಿಕೆ. ಅಂಗಳದಾಚೆ ತಾಡಪಾಲಿನ ಕೆಳಗೆ ಅನಿಷಾ ನೆರೆಮನೆಯ ಮಕ್ಕಳನ್ನು ಕಟ್ಟಿಕೊಂಡು ಕೂತಿದ್ದಳು.

"ನಿಂಗ್ ಮದಿ ಆಯ್ತಾ ಹೆಣೆ?" ಎಂದು ದೊಡ್ಡಮ್ಮ ಶರ್ಮಿಳಾಳನ್ನು ತಡೆದರು.

"ಆಯ್ತ್," ಎಂದಳು ಶರ್ಮಿಳಾ. ಸುಳ್ಳು ಹೇಳಿದ ಹಾಗೆ ಅವಳಿಗೆ ಅನಿಸಲೇ ಇಲ್ಲ.

"ಕರಿಮಣಿ ಎಲ್ಲಿತ್ತ್?"

"ಕೆಲ್ಸಕ್ ಬಪ್ಪತಿಗೆ ಹಾಕುದಿಲ್ಲ ದೊಡ್ಡಮ್ಮ."

ಒಳಗೆ ಎರಡು ಕುರ್ಚಿ. ಒಂದರ ಮೇಲೆ ಮಡಿಸಿದ ಪಂಚೆ, ಅದರ ಮೇಲೆ ಗಾಜು ಒಡೆದ ಅವನ ವಾಚು. ಆ ವಾಚಿನ ಬೆಲ್ಟಿನಲ್ಲಿ ರಿಬ್ಬನ್ನಿನ ಗಮ್ಮು ಅಂಟಿ ಒಣಗಿದ್ದು ಅವಳಿಗೆ ಮಾತ್ರ ಕಂಡಿತು. ತುಟಿ ಕಚ್ಚಿಕೊಂಡು ಕುರ್ಚಿಯ ಬೆನ್ನಿಗೆ ರಿಬ್ಬನ್ ಸುತ್ತಿದಳು, ಕಾಲಿಗೆ ಮಲ್ಲಿಗೆ ಕಟ್ಟಿದಳು.

ದೊಡ್ಡಮ್ಮ ಬಂದು ಮಾಲೆಯನ್ನು ಕುರ್ಚಿಗೆ ಹಾಕಿ ನೋಡಿದರು. ಅದು ಜಾರಿ ನೆಲದ ಮೇಲೆ ರಾಶಿಯಾಗಿ ಬಿತ್ತು.

"ಇದೆಂತ, ನೆಲ ಗುಡ್ಸುಕಾ?"

"ಸಣ್ಣ್ ಸಾಕ್ ಅಂದೇಳಿ ಹೇಳಿದ್ದೆ ನಾನ್," ಎಂದ ಉಮಾನಾಥ. "ಒಂದ್ ಕತ್ರಿ ತನ್ನಿ."

ಶರ್ಮಿಳಾ ನೆಲ ನೋಡಿದಳು. ಇದು ಕುರ್ಚಿಯ ಮಾಲೆಯಲ್ಲ ಎಂದು ಅವಳಿಗೂ ಆಗಲೇ ಗೊತ್ತಾದದ್ದು.

ಅವನ ತಾಯಿ ಗಿರಿಜಮ್ಮ ಒಳಗಿನಿಂದ ಬಂದರು. ಮಾಲೆ ಎತ್ತಿಕೊಂಡರು. ಅವರ ಕೈ ಮೇಲೆ ಹೋಯಿತು, ತಮ್ಮ ತಲೆಗಿಂತಲೂ ಮೇಲೆ, ಮಗನ ಕುತ್ತಿಗೆ ಇರುತ್ತಿದ್ದ ಜಾಗಕ್ಕೆ. ಅಲ್ಲಿಂದ ಮಾಲೆ ಇಳಿಬಿಟ್ಟು ನೋಡಿದರು. ಎಲ್ಲಿಗೆ ಬರಬೇಕೋ ಅಲ್ಲಿಗೇ ಬಂದಿತ್ತು.

"ಕತ್ರಿ ಬ್ಯಾಡ," ಎಂದರು. "ಅವ ಉದ್ದ ಇದ್ದ."

ಆಮೇಲೆ ಶರ್ಮಿಳಾಳ ಕೈ ಹಿಡಿದು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು.

"ಮದಿ ಆಯ್ತ್ ಅಂದ್ಯಂಬ್ರ್. ಯಾರೊಟ್ಟಿಗ್?"

ಕೇಳಿದ ಗಿರಿಜಮ್ಮನಿಗೆ ಉತ್ತರ ಬೇಕಾಗಿರಲಿಲ್ಲ. ಮಂಚದ ತುದಿಯಲ್ಲಿ ಕೂತರು.

"ನನ್ನತ್ರ ಒಂದ್ ಮಾತ್ ಹೇಳ್ಲ ಅವ."

"ಅನಿಷಂದ್ ಆದ್ಮೇಲ್ ಹೇಳ್ತೆ ಅಂದಿದ್ರ್, ಅಮ್ಮ."

"ಹೇಳಿದ್ರೂ ನಾನ್ ಒಪ್ತಿರ್ಲ."

"ಗೊತ್ತಿತ್ತ್."

ಗಿರಿಜಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಒಪ್ದಿದ್ದವ್ಳ್ ಈಗ್ ನಿನ್ನತ್ರ ಬೇಡ್ತೆ. ಅವ್ನ್ ನಿನ್ ಕೈಯಗ್ ಇದ್ರೆ ಈ ಮದಿ ಮದಿ ಅಲ್ಲ. ನಂಗ್ ಇನ್ ಮದಿ ಮಾಡುಕ್ ಇಪ್ಪುದ್ ಅನಿಷಾ ಒಬ್ಳೇ. ಬಿಟ್ ಕೊಡ್ ಮಗಾ."

ನಾನೇ ಕೂರುತ್ತೇನೆ ಆ ಕುರ್ಚಿಯಲ್ಲಿ ಎನ್ನಬೇಕೆನಿಸಿತು ಶರ್ಮಿಳಾಳಿಗೆ. ಮೊದಲು ಜಾತಿ ಅಡ್ಡ ಇತ್ತು, ಈಗ ಜೀವವೂ ಅಡ್ಡ. ಜೋಯಿಸರ ಮಾತಿನಲ್ಲಿ ಅವಳಿಗೆ ಅಂಥ ನಂಬಿಕೆಯಿರಲಿಲ್ಲ. ಆದರೆ ಅನಿಷಾಳದು ಮೊದಲು ಎಂದವನು ಅವನೇ. ಅವನ ಆ ಒಂದು ಮಾತನ್ನು ನಡೆಸಲು ಈಗ ಉಳಿದಿದ್ದವಳು ಇವಳೊಬ್ಬಳೇ.

ಬಾಗಿಲು ತೆಗೆದು ಹೊರಗೆ ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ದೊಡ್ಡಮ್ಮ, ನಾನ್ ಸುಳ್ ಹೇಳ್ದೆ. ನಂಗ್ ಮದಿ ಆಯ್ಲ."

"ಹಾಂಗಾರೆ ಒಳ್ಗ್ ಎಂತಕ್ ಬಂದ್ಯೇ? ಹೋಗ್, ಹೊರ್ಗ್ ಹೋಗ್."

ಬೈಸಿಕೊಂಡೇ ಅಂಗಳ ದಾಟಿದಳು. ಕುರ್ಚಿಯನ್ನು ತಿರುಗಿ ನೋಡಲಿಲ್ಲ. ನೋಡಿದ್ದರೆ ಹೇಳಿದ ಮಾತು ನಿಲ್ಲುತ್ತಿರಲಿಲ್ಲ.

"ನಿಮ್ಗೂ ಆಯ್ಲ್ಯಾ? ಬನ್ನಿ ಅಕ್ಕ, ಇಲ್ ಕೂಕಣಿ," ಎಂದು ಅನಿಷಾ ಬೆಂಚಿನಲ್ಲಿ ಸರಿದು ಜಾಗ ಕೊಟ್ಟಳು. ನಕ್ಕರೆ ಕಣ್ಣು ಸಣ್ಣದಾಗುವುದು ಅಣ್ಣನ ಹಾಗೆಯೇ. ತಾಡಪಾಲಿನ ಮೇಲೆ ಮಳೆ ಬೀಳುತ್ತಿತ್ತು. ಒಳಗೆ ಯಾರೋ ಎರಡು ಹೆಸರು ಕೂಗಿ "ಮಾಲಿ ಹಾಕಿ" ಎಂದರು. ವಾದ್ಯವಿಲ್ಲ, ನಗುವಿಲ್ಲ. ಶರ್ಮಿಳಾಳ ಕೈ ತನ್ನ ಕುತ್ತಿಗೆಗೆ ಹೋಗಿ ಅಲ್ಲೇ ಉಳಿಯಿತು.

"ಅಣ್ಣ ಇದ್ದಿದ್ರೆ ಎಂತಾ ಹೆಣ್ಣ್ ಕರ್ಕಂಡ್ ಬತ್ತಿದ್ನೋ," ಎಂದಳು ಅನಿಷಾ, ಮಳೆ ನೋಡುತ್ತ. "ಒಂದಿನಾನೂ ಹೇಳ್ಲ."

"ನಿನ್ ಮದಿ ಆದ್ಮೇಲ್ ಹೇಳ್ತಿದ್ರ್," ಎಂದಳು ಶರ್ಮಿಳಾ.

ಅನಿಷಾ ತಿರುಗಿದಳು. ಶರ್ಮಿಳಾಳ ಮುಖ ನೋಡಿದಳು, ಬೆರಳ ತುದಿಯ ಸುಟ್ಟ ಕಲೆ ನೋಡಿದಳು. ಆ ಕೈಯನ್ನು ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಒಳಗೆ ಧಾರೆ ಮುಗಿದು ಊಟಕ್ಕೆ ಎಲೆ ಹಾಕುತ್ತಿದ್ದರು.