ಉಸಿರುಂಡ ಗಾಜು

"ಶೋಕೇಸಿನಲ್ಲಿಡು, ನೋಡು, ಅಷ್ಟೆ. ಮನುಷ್ಯರಿಗೆ ಮಾತ್ರ ಇದನ್ನು ನಿವಾಳಿಸ್ಬೇಡ ಮಾರಾಯ," ಎಂದರು ಜಲಜಾಕ್ಷಿ ಆಂಟಿ.

ಮೆಲ್ಬರ್ನಿನ ಕ್ರೇಗಿಬರ್ನ್‌ನ ಹಳೇ ಸಾಮಾನಿನ ಅಂಗಡಿ ನಡೆಸುತ್ತಿದ್ದ ಉಡುಪಿ ಕಡೆಯ ಹೆಂಗಸು. ಪ್ರತಾಪನ ಕೈಯಲ್ಲಿದ್ದದ್ದು ನೂರು ವರ್ಷಕ್ಕೂ ಹಿಂದಿನ ಹಸಿರು ಗಾಜಿನ ಬಟ್ಟಲು. ಯಂತ್ರದ ಸರಕಿಗೆ ಬೇಸತ್ತವರು ಕೈಕೆಲಸದ ಚೆಲುವಿಗೆ ಮರಳಿದ ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್ ಕಾಲದ್ದು. ಅಲೆಯಂತೆ ಬಾಗಿದ ಅಂಚು. ಮೈತುಂಬ ಗುಳ್ಳೆ.

"ಊದಿದವನಿಗೆ ಯಾರೋ ಮಾಟ ಮಾಡಿಸಿದ್ದಂತೆ. ಅವನ ಉಸಿರೆಲ್ಲ ಇದರೊಳಗೇ ಹೋಯ್ತಂತೆ. ಇದು ತಗೊಂಡ ಉಸಿರು ಬಿಡುದಿಲ್ಲ. ಬಿಡ್ಬೇಕಾದ್ರೆ ಬದಲಿಗೆ ಇನ್ನೊಂದು ಕೊಡ್ಬೇಕು."

"ಎಕ್ಸ್‌ಚೇಂಜ್ ಆಫರ್ರಾ ಆಂಟಿ?"

ಆಂಟಿ ಬಟ್ಟಲನ್ನು ಕಾಗದದಲ್ಲಿ ಸುತ್ತಿ ಕೊಟ್ಟರು.

ಪ್ರತಾಪನ ಸಂಸಾರ ಸಿಡ್ನಿಯ ಟೂಂಗಾಬಿ ಬಿಟ್ಟು ಮೆಲ್ಬರ್ನಿಗೆ ಬಂದ ಹೊಸತು. ಗೃಹಪ್ರವೇಶದ ದಿನ ಒಲೆಯ ಮೇಲೆ ಹಾಲೇನೋ ಉಕ್ಕಿತು, ಸಾಮಾನು ಇನ್ನೂ ದಾರಿಯಲ್ಲೇ ಇತ್ತು.

"ಆರತಿ ತಟ್ಟೆ ಟ್ರಕ್‌ನಲ್ಲೇ ಇದೆ ಕಣೋ. ಈಗೇನ್ ಮಾಡೋದು?" ಹೆಂಡತಿ ಅನಘಾ ಪೇಚಾಡಿದಳು.

"ಇದಿದೆಯಲ್ಲ! ಉಡುಪಿ ಆಂಟಿಯ ದೆವ್ವಕ್ಕೂ ಒಂದು ಕೆಲಸ ಸಿಕ್ಕಂಗಾಯ್ತು."

ಬಟ್ಟಲಲ್ಲಿ ಅರಿಶಿನ ಸುಣ್ಣ ಕಲಸಿ ಕೆಂಪು ನೀರು ಮಾಡಿ, ಪುಟ್ಟ ಮಗಳು ಆದ್ಯಾಳಿಗೆ ತಾನೇ ನಿವಾಳಿಸಿದ.

"ಡ್ಯಾಡಿ, ಇಟ್ಸ್ ಕೋಲ್ಡ್."

ಬಟ್ಟಲು ಅವಳ ಮೈಗೆ ತಾಕಿಯೇ ಇರಲಿಲ್ಲ.

ಗೇಟಿನಾಚೆ ನೀರು ಚೆಲ್ಲಿ ಬಂದ. ಮರುಭೂಮಿಯ ಕಡೆಯಿಂದ ಬೀಸುವ ಬಡಗಣ ಬಿಸಿಗಾಳಿಗೆ ಕಿಟಕಿಗಳು ಗಡಗಡ ನಡುಗುತ್ತಿದ್ದವು. ಧೂಳು ಹಗಲನ್ನೇ ನುಂಗಿ ಕೋಣೆ ಕತ್ತಲಾಯಿತು. ಎಲ್ಲಿಂದಲೋ ಕಾದ ಕಬ್ಬಿಣದ ವಾಸನೆ. ಬಟ್ಟಲು ಬರಿದಾಗಿತ್ತು. ಅದರ ಒಂದು ಗುಳ್ಳೆ ಮಾತ್ರ ಕೆಂಪಗಿತ್ತು. ಅದು ಉಬ್ಬಿತು. ತಗ್ಗಿತು. ಮತ್ತೆ ಉಬ್ಬಿತು.

"ಪ್ರತಾಪ್! ಮಗು ಉಸಿರಾಡ್ತಿಲ್ಲ ಕಣೋ!"

ಆದ್ಯಾ ನೆಲದ ಮೇಲೆ ಬಿದ್ದಿದ್ದಳು. ತುಟಿ ನೀಲಿ. ಎದೆ ನಿಶ್ಚಲ. ಅನಘಾ ಆಂಬ್ಯುಲೆನ್ಸಿಗೆ ಫೋನಿನಲ್ಲಿ ಕೂಗುತ್ತಿದ್ದಳು. ಪ್ರತಾಪ ಬಟ್ಟಲನ್ನು ಒಡೆಯಲೆಂದು ಎತ್ತಿದ. ಗುಳ್ಳೆಯೇ ಬಿರಿದುಹೋದರೆ? ಕೈ ತಡೆಯಿತು. ಗುಳ್ಳೆ ಮೆಲ್ಲಗೆ ಬಡಿಯುತ್ತಿತ್ತು. ಇನ್ನೂ ಮೆಲ್ಲಗೆ. ಯೋಚಿಸಲು ಹೊತ್ತಿರಲಿಲ್ಲ. ಬಟ್ಟಲನ್ನು ತನ್ನ ತಲೆಯ ಸುತ್ತ ನಿವಾಳಿಸಿದ.

"ನಂದು ತಗೋ. ಅವಳದ್ದು ಬಿಡು."

ಚಳಿ. ಎದೆಯೊಳಗಿಂದ ಯಾರೋ ದಾರ ಎಳೆದಂತೆ. ಹಸಿರು. ಎಲ್ಲೆಲ್ಲೂ ಹಸಿರು.

ಆದ್ಯಾ ಕೆಮ್ಮಿದಳು. ಜೋರಾಗಿ ಅತ್ತಳು. ಆ ಅಳು ಅವನಿಗೆ ಬಲು ದೂರದಿಂದ ಕೇಳಿಸಿತು. ಬಾಗಿದ ಹಸಿರು ಗೋಡೆಯಾಚೆ ಅನಘಾ ನೆಲಕ್ಕೊರಗಿದ್ದ ಯಾರದೋ ಭುಜ ಹಿಡಿದು ಅಲುಗಿಸುತ್ತಿದ್ದಳು. ಆ ಅಂಗಿ ಅವನದ್ದು. ಆ ಮುಖವೂ ಅವನದ್ದೇ.

"ಡ್ಯಾಡಿ, ವೇಕ್ ಅಪ್!"

ಪ್ರತಾಪ ಇದ್ದಬದ್ದ ಶಕ್ತಿಯೆಲ್ಲ ಒಗ್ಗೂಡಿಸಿ ಮಗಳಿಗೆ ಓಗೊಟ್ಟ.

ಗಾಜು ಒಳಗಿನಿಂದ ಮಬ್ಬಾಯಿತು.