ಹದಿನಾಲ್ಕು ಮಿಲಿಮೀಟರ್

“ಮುಟ್ಟಬೇಡಿ! ಚೂರು ಇನ್ನೂ ಒಳಗಿದೆ!”

ಅವಳು ಕೂಗುವಷ್ಟರಲ್ಲಿ ಬಡಗಿ ಅವಳ ಕೈ ಹಿಡಿದಾಗಿತ್ತು.

ಗಾಜಿನಂಗಡಿಯ ಮೇಜಿನ ಮೇಲೆ ಅವನ ಬೀರುವಿಗೆಂದು ಅವಳು ಕತ್ತರಿಸುತ್ತಿದ್ದ ಕನ್ನಡಿ ಎರಡು ಹೋಳಾಗಿ ಬಿದ್ದಿತ್ತು. ಅವಳ ಹೆಬ್ಬೆರಳಿನಿಂದ ರಕ್ತದ ತೊಟ್ಟು ಇಳಿದಾಗಲೆಲ್ಲ ಕನ್ನಡಿಯೊಳಗಿಂದ ಇನ್ನೊಂದು ತೊಟ್ಟು ಮೇಲೆದ್ದು ಬಂದು ಅದನ್ನು ಎದುರುಗೊಳ್ಳುತ್ತಿತ್ತು.

“ನಿಮ್ಮ ಅಳತೇನೇ ತಪ್ಪು!” ನೋವಿನಲ್ಲೂ ಅವಳು ಬಿಡಲಿಲ್ಲ. “ಎರಡು ಮಿಲಿಮೀಟರ್ ಜಾಸ್ತಿ ಬರೆದಿದ್ದೀರಿ. ಅದನ್ನ ಸರಿಮಾಡೋಕೆ ಹೋಗಿ ಹೀಗಾಯ್ತು.”

“ಎರಡು ಮಿಲಿಮೀಟರ್‌ಗೆ ಇಷ್ಟು ರಕ್ತಾನಾ? ಒಂದು ಅಡಿ ತಪ್ಪಿದ್ರೆ ನನ್ನ ಕೊಲೆ ಆಗ್ತಿತ್ತೇನೋ!”

ಗಲ್ಲಾದ ಹಿಂದಿನಿಂದ ಯಜಮಾನರು ನಕ್ಕರು. ಅವಳಿಗೂ ನಗು ಬಂತು. ಸಿಟ್ಟಿನ ನಡುವೆ ಬಂದ ನಗು... ಅದನ್ನು ತಡೆಯುವುದು ಕಷ್ಟ.

ಅವನು ಮರದ ಸಿಬಿರು ತೆಗೆಯುವ ಚಿಮುಟದಿಂದ ಗಾಜಿನ ಚೂರು ತೆಗೆದ. ಗಾಯದ ಮೇಲೆ ಬರಿಗೈಯ ಬೆರಳಿಟ್ಟು ರಕ್ತ ನಿಲ್ಲುವ ತನಕ ಒತ್ತಿ ಹಿಡಿದುಕೊಂಡ. ಆ ದಿನದಿಂದ ಅವನ ಬಾಯಲ್ಲಿ ಅವಳು ‘ಮಿಲಿ’ ಆದಳು.

ಹತ್ತು ತಿಂಗಳ ಮೇಲೆ ಅವನು ಅವಳನ್ನು ಮದುವೆಗೆ ಕೇಳಲು ಮನೆಗೆ ಬಂದ. ಮನೆಯೆಂದರೆ ಅವಳು ಮತ್ತು ಅಣ್ಣ. ಅಪ್ಪನ ನೆನಪೇ ಅವಳಿಗಿರಲಿಲ್ಲ. ಅವಳ ಹದಿನಾಲ್ಕನೆಯ ವಯಸ್ಸಿನಲ್ಲಿ ಅಮ್ಮ ಕಾಮಾಲೆಯಿಂದ ತೀರಿಕೊಂಡ ಮೇಲೆ, ಡ್ರೈವಿಂಗ್ ಸ್ಕೂಲಿನಲ್ಲಿ ದಿನವಿಡೀ “ಕ್ಲಚ್, ಕ್ಲಚ್!” ಎಂದು ಕಿರುಚಿ ಗಂಟಲು ಕಟ್ಟಿಸಿಕೊಂಡು ಅಣ್ಣನೇ ಅವಳನ್ನು ಸಾಕಿದ್ದ.

“ಪುಟ್ಟಿ, ನೀನು ಅಂಗಡಿಗೆ ಹೋಗಿ ಹಾಲು ತಗೊಂಡ್ಬಾ,” ಎಂದ ಅಣ್ಣ. ಹಾಲು ಮನೆಯಲ್ಲಿತ್ತು. ಗಂಡಸರ ಮಾತು ಇರಬಹುದು ಎಂದುಕೊಂಡು ಅವಳು ನಗುತ್ತ ಹೋದಳು.

ವಾಪಸ್ಸು ಬಂದಾಗ ಬಡಗಿಯ ಮುಖ ಬಿಳಿಚಿತ್ತು. “ಒಪ್ಪಿದ್ರು,” ಎಂದಷ್ಟೇ ಹೇಳಿದ.

ಮರುವಾರ ಅವಳಿಗೆ ದಪ್ಪ ಚರ್ಮದ ಕೈಗವಸು ತಂದುಕೊಟ್ಟ. “ಇನ್ಮೇಲೆ ಬರಿಗೈಲಿ ಗಾಜು ಮುಟ್ಟಬೇಡ ಮಿಲಿ.”

ಎಷ್ಟು ಕಾಳಜಿ! ಎಂದು ಅವಳು ಉಬ್ಬಿಹೋದಳು. ಅಂಗಡಿಗೆ ಬಂದವರಿಗೆಲ್ಲ ತೋರಿಸಿದಳು.

*

ಮದುವೆಗೆ ಒಂದು ತಿಂಗಳಿತ್ತು. ಅವನ ಕೆಲಸದ ಕೋಣೆಯಲ್ಲಿ ಅವಳು ಪೆನ್ಸಿಲ್ ಹುಡುಕುತ್ತಿದ್ದಳು. ಉಳಿಗಳ ಡ್ರಾಯರಿನಲ್ಲಿ ಮಡಚಿದ ಕಾರ್ಡೊಂದು ಸಿಕ್ಕಿತು. ಹೆಪಟೈಟಿಸ್ ಬಿ ಲಸಿಕೆ. ಮೂರು ಡೋಸ್, ಮೂರು ತಾರೀಕು.

“ಏನಪ್ಪಾ ಇದು? ಸೂಜಿ ಅಂದ್ರೆ ಓಡಿಹೋಗೋನು ಮೂರು ಸಲ ಚುಚ್ಚಿಸ್ಕೊಂಡಿದ್ದೀಯಾ?”

ಅವನು ಹಲಗೆಗೆ ರಂದ ಹೊಡೆಯುವುದನ್ನು ನಿಲ್ಲಿಸಿದ.

ಅವಳು ಮತ್ತೆ ಕಾರ್ಡು ನೋಡಿದಳು. ಮೊದಲ ತಾರೀಕು... ಅವನು ಮನೆಗೆ ಬಂದುಹೋದ ಮೂರನೆಯ ದಿನ!

“ಏನಿದು?” ಈ ಸಲ ಅವಳ ದನಿಯಲ್ಲಿ ನಗುವಿರಲಿಲ್ಲ.

“ಮಿಲಿ, ಕೂತ್ಕೋ...”

“ನಿಂತೇ ಕೇಳ್ತೀನಿ.”

ಅವನು ಹೇಳಿದ. ಎಂಟು ತಿಂಗಳ ಹಿಂದೆ ಅವಳ ಅಂಗಡಿ ಬೀದಿಯವರು ನಡೆಸಿದ ಶಿಬಿರದಲ್ಲಿ ಅವಳು ರಕ್ತ ಕೊಟ್ಟಿದ್ದಳಲ್ಲ, ಆ ರಕ್ತದಲ್ಲಿ ಲಿವರಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ ಇತ್ತು. ಬಂದು ಡಾಕ್ಟರನ್ನು ಕಾಣಿ ಎಂದು ಬ್ಲಡ್ ಬ್ಯಾಂಕಿನವರು ಬರೆದ ಕಾಗದ ಅಣ್ಣನ ಕೈಗೆ ಸಿಕ್ಕಿತ್ತು. ಅಣ್ಣ ಅದನ್ನು ಅವನಿಗೆ ತೋರಿಸಿದ್ದ. ಅವಳಿಗೆ ತೋರಿಸಿರಲಿಲ್ಲ.

“ಅವಳಿಗೆ ಹೇಳಲ್ಲ ಅಂತ ಮಾತು ಕೊಟ್ರೆ ಮದುವೆ, ಇಲ್ಲಾಂದ್ರೆ ಇಲ್ಲ ಅಂದ್ರು. ನಿನ್ನ ಒಳ್ಳೇದಕ್ಕೇ ಮಿಲಿ... ಗೊತ್ತಾದ್ರೆ ನೀನು ಕುಗ್ಗಿಹೋಗ್ತೀಯ ಅಂತ...”

“ಆ ಕೈಗವಸು?” ಅವಳು ಕೇಳಿದಳು. “ಅದು ನನ್ನ ಬೆರಳಿಗೆ ತಂದದ್ದಾ, ನಿನ್ನ ಬೆರಳಿಗೆ ಹೆದರಿ ತಂದದ್ದಾ?”

ಅವನು ನೆಲದ ಮೇಲಿನ ಮರದ ಹೊಟ್ಟನ್ನು ನೋಡುತ್ತ ನಿಂತ.

ನನ್ನ ರಕ್ತದ ವಿಷಯ ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತು! ಇವನು ತನ್ನ ಬಾಗಿಲಿಗೆ ಮೂರು ಚಿಲಕ ಹಾಕಿಕೊಂಡ. ನನ್ನನ್ನು ಒಳಗೇ ಬಿಟ್ಟ, ಮನೆಗೆ ಬೆಂಕಿ ಬಿದ್ದಿದೆ ಅಂತಲೂ ಹೇಳದೆ...

ಕಾರ್ಡನ್ನು ಅವನ ಮೇಜಿನ ಮೇಲಿಟ್ಟು ಅವಳು ಹೊರಟುಹೋದಳು.

*

“ಅಮ್ಮನಿಗೆ ಬಂದದ್ದು ಬರೀ ಕಾಮಾಲೆನಾ?”

ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಅಣ್ಣ!”

“...ಲಿವರ್ ಕ್ಯಾನ್ಸರ್. ಆ ವೈರಸ್ಸಿಂದಾನೇ ಬಂದಿದ್ದು. ಮನೆಯವರೆಲ್ಲ ಪರೀಕ್ಷೆ ಮಾಡಿಸ್ಕೊಳ್ಳಿ ಅಂತ ಡಾಕ್ಟರು ನನ್ನನ್ನ ಹೊರಗೆ ಕರೆದು ಹೇಳಿದ್ರು.”

“ಮಾಡಿಸ್ಕೊಂಡ್ಯಾ?”

“ನಾನು ಮಾಡಿಸ್ಕೊಂಡೆ. ನನಗಿರಲಿಲ್ಲ.”

“ನನಗೆ?”

“ನೀನು ಚಿಕ್ಕೋಳು ಪುಟ್ಟಿ! ಹೆರಿಗೆಯಲ್ಲೇ ತಾಯಿಯಿಂದ ಬಂದಿರಬಹುದು ಅಂದ್ರು. ಇದೆ ಅಂತ ಗೊತ್ತಾದ್ರೆ ನಾಳೆ ನಿನ್ನನ್ನ ಯಾರು ಮದುವೆ ಆಗ್ತಾರೆ? ನನಗೆ ಧೈರ್ಯ ಬರಲಿಲ್ಲ ಕಣೇ...”

“ಹದಿನೈದು ವರ್ಷ ಆದ್ರೂ ಬರಲಿಲ್ವಾ?”

ಅಣ್ಣ ಅಳತೊಡಗಿದ. ಅವಳಿಗೆ ಅಳು ಬರಲಿಲ್ಲ. ತನ್ನನ್ನು ಎತ್ತಿ ಆಡಿಸಿದ ಕೈಗಳು ಅವೇ... ಆದರೆ ಅವು ಯಾರದೋ ಕೈಗಳಂತೆ ಕಂಡವು.

*

ಲಿವರ್ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. ಸ್ಕ್ಯಾನಿನ ಪರದೆಯನ್ನು ಅವಳತ್ತ ತಿರುಗಿಸಿದರು.

“ಇಲ್ಲೊಂದು ಗಂಟಿದೆ ನೋಡಮ್ಮ. ಹದಿನಾಲ್ಕು ಮಿಲಿಮೀಟರ್. ಬೇರೆ ಪರೀಕ್ಷೆಗಳೂ ಅದನ್ನೇ ಹೇಳ್ತಿವೆ. ಕ್ಯಾನ್ಸರ್.”

ಹದಿನಾಲ್ಕು ಮಿಲಿಮೀಟರ್ ಎಂದರೆ ಎಷ್ಟೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಣ್ಣಳತೆಯಲ್ಲೇ ಗೆರೆ ಎಳೆಯಬಲ್ಲವಳು ಅವಳು. ತನ್ನ ಕಿರುಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು.

“ಆದ್ರೆ ನಾನು ಹುಷಾರಾಗೇ ಇದ್ದೀನಲ್ಲ ಡಾಕ್ಟ್ರೇ! ಹೊಟ್ಟೆ ನೋವೂ ಇಲ್ಲ...”

“ಅದೇ ಇದರ ಮೋಸ. ವೈರಸ್ಸು ವರ್ಷಗಟ್ಟಲೆ ಸದ್ದಿಲ್ಲದೆ ಲಿವರನ್ನ ಕೆಡಿಸ್ತಾ ಇರುತ್ತೆ. ಎಲ್ಲರಿಗೂ ಕ್ಯಾನ್ಸರ್ ಆಗಲ್ಲ. ಅಮ್ಮನಿಗೆ ಆಗಿದ್ದವರಿಗೆ ಅಪಾಯ ಜಾಸ್ತಿ. ಅದಕ್ಕೇ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸ್ಬೇಕು.”

“ಎಂಟು ತಿಂಗಳ ಹಿಂದೆ ಬಂದಿದ್ರೆ?”

ಡಾಕ್ಟರಮ್ಮ ಕನ್ನಡಕ ತೆಗೆದರು. “ಇರ್ತಿತ್ತೋ ಇಲ್ವೋ ಗೊತ್ತಿಲ್ಲ. ಇದ್ದಿದ್ರೆ ಇನ್ನೂ ಚಿಕ್ಕದಿರ್ತಿತ್ತು. ಈಗಲೂ ಚಿಕ್ಕದೇ. ಗಂಟಿನೊಳಗೆ ಸೂಜಿ ಹಾಕಿ ಬಿಸಿಯಿಂದಲೇ ಸುಟ್ಟುಬಿಡಬಹುದು. ಮಂಗಳವಾರ ಬಾ. ಜೊತೆಗೆ ಒಬ್ಬರು ಇರಲೇಬೇಕು.”

ಒಬ್ಬರು! ಯಾರು?

*

ಅಣ್ಣನಿಂದ ವಿಷಯ ತಿಳಿದು ಬಡಗಿ ಆರು ದಿನದಿಂದ ಆಸ್ಪತ್ರೆಯ ಗೇಟಿನೆದುರು ಬಂದು ನಿಲ್ಲುತ್ತಿದ್ದ. ಪರೀಕ್ಷೆಗಳಿಗೆಂದು ಬರುವ ಅವಳು ನೋಡಿಯೂ ನೋಡದಂತೆ ಹೋಗುತ್ತಿದ್ದಳು. ಸೋಮವಾರ ನಿಂತಳು.

“ನಾಳೆ ಜೊತೆಗೆ ಒಬ್ಬರು ಬೇಕಂತೆ. ಅಷ್ಟಕ್ಕೇ ಕರೀತಿದ್ದೀನಿ. ಕ್ಷಮಿಸಿದ್ದೀನಿ ಅಂದ್ಕೋಬೇಡ.”

“ಅಂದ್ಕೊಳ್ಳಲ್ಲ.”

“ಒಂದು ಕೇಳ್ತೀನಿ. ಮತ್ತೆ ‘ನಿನ್ನ ಒಳ್ಳೇದಕ್ಕೆ’ ಅಂದ್ರೆ ಅಣ್ಣನ್ನೇ ಕರ್ಕೊಂಡು ಬರ್ತೀನಿ. ಯಾಕೆ ಹೇಳಲಿಲ್ಲ?”

ಅವನು ಈ ಸಲ ಅವಳ ಮುಖ ನೋಡಿದ.

“ನನ್ನ ಒಳ್ಳೇದಕ್ಕೆ,” ಎಂದ. “ಹೇಳಿದ್ರೆ ನೀನೇ ಮದುವೆ ಬೇಡ ಅಂತೀಯ ಅಂತ ಹೆದರಿದೆ. ನಿನ್ನ ರಕ್ತಕ್ಕೂ ಹೆದರಿದೆ. ಮೊದಲ ದಿನ ನಿನ್ನ ಗಾಯ ಮುಟ್ಟಿದ್ನಲ್ಲ... ಅಣ್ಣ ಕಾಗದ ತೋರಿಸಿದ ರಾತ್ರಿ ಕೈನ ಸೋಪಲ್ಲಿ ಹತ್ತು ಸಲ ತೊಳ್ಕೊಂಡೆ. ಪರೀಕ್ಷೇಲಿ ನನಗೇನೂ ಇಲ್ಲ ಅಂತ ಬಂದಾಗ ಕುಣಿದೆ. ಆಗ್ಲೂ ನಿನ್ನ ಪರೀಕ್ಷೆ ನೆನಪಾಗಲಿಲ್ಲ. ನಾನು ಅಂಥೋನು ಮಿಲಿ.”

ಎದೆಗೆ ಚುಚ್ಚಿದ ಹಾಗಾಯಿತು. ಆದರೂ... ಇಷ್ಟು ದಿನದಲ್ಲಿ ತನ್ನವರಲ್ಲಿ ಒಬ್ಬರು ಅವಳ ಮುಖ ನೋಡಿ ಹೇಳಿದ ಮೊದಲ ನಿಜ ಅದು.

“ಏಳು ಗಂಟೆಗೆ ಬಾ,” ಎಂದಳು.

*

ಗಂಟನ್ನು ಸುಟ್ಟಾಯಿತು. ಮತ್ತೊಂದು ಸ್ಕ್ಯಾನಿನ ಫಲಿತಾಂಶ ಬರುವ ದಿನ ಅಣ್ಣನೂ ಬಂದು ವಾರ್ಡಿನ ಬಾಗಿಲಲ್ಲಿ ಅಪರಾಧಿಯಂತೆ ನಿಂತಿದ್ದ. ಅವಳು ಹೋಗು ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ.

ಕಿರಿಯ ಡಾಕ್ಟರೊಬ್ಬರು ಫೈಲು ಹಿಡಿದು ಬಂದರು. “ಪೇಷೆಂಟ್ ಕಡೆಯವರು ಯಾರು? ಸ್ವಲ್ಪ ಹೊರಗೆ ಬನ್ನಿ.”

ಅಣ್ಣ ಆಗಲೇ ತಿರುಗಿದ್ದ. ಹದಿನೈದು ವರ್ಷದ ಹಿಂದೆ ತಿರುಗಿದ ಹಾಗೆಯೇ.

ಮತ್ತೆ ಹೊರಗೆ. ಮತ್ತೆ ನಾನಿಲ್ಲದ ಕಡೆ...

ಬಡಗಿ ಕುರ್ಚಿಯಿಂದ ಏಳಲಿಲ್ಲ.

“ಇಲ್ಲೇ ಹೇಳಿ ಡಾಕ್ಟ್ರೇ,” ಎಂದ. “ಅವಳಿಗೇ ಹೇಳಿ. ನಾವು ಬೇಕಾದ್ರೆ ಪಕ್ಕದಲ್ಲಿ ನಿಂತು ಕೇಳ್ತೀವಿ.”

ಡಾಕ್ಟರು ಅವಳತ್ತ ನೋಡಿದರು. ಅವಳು ದಿಂಬಿಗೆ ಒರಗಿ ನೆಟ್ಟಗೆ ಕೂತಳು. “ಹೇಳಿ.”

“ಗಂಟು ಪೂರ್ತಿ ಸುಟ್ಟಿದೆ. ಒಳ್ಳೆ ಸುದ್ದಿ. ಆದ್ರೆ ವೈರಸ್ಸು ಹೋಗಲ್ಲ. ಅದನ್ನ ಅದುಮಿಡೋ ಮಾತ್ರೆ ದಿನಾ ತಗೋಬೇಕು. ಗಂಟು ಮತ್ತೆ ಬರಬಹುದು. ಸದ್ಯಕ್ಕೆ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ತಪ್ಪಿಸಬೇಡಿ.”

ಡಾಕ್ಟರು ಹೋದರು. ಅಣ್ಣ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಂಡ.

“ಮತ್ತೆ ಬರಬಹುದಂತೆ,” ಎಂದಳು ಅವಳು.

“ಹ್ಞೂಂ. ಕೇಳಿಸ್ಕೊಂಡೆ.”

“ಏನೂ ಆಗಲ್ಲ ಅಂತ ಹೇಳಲ್ವಾ?”

“ನನಗೆ ಗೊತ್ತಿಲ್ವಲ್ಲ ಮಿಲಿ. ಹೇಗೆ ಹೇಳ್ಲಿ?”

ಆಗ ಅವಳಿಗೆ ಅಳು ಬಂತು. ಅಷ್ಟು ದಿನದ ಅಳು ಒಟ್ಟಿಗೆ! ಸೂಜಿ ಚುಚ್ಚಿದ್ದ ಕೈಯನ್ನು ಅವನತ್ತ ಚಾಚಿದಳು. ಹತ್ತಿಯ ಮೇಲೆ ಸಣ್ಣ ಕೆಂಪು ಕಲೆಯಿತ್ತು. ಅವನು ಅದನ್ನು ನೋಡಿದ. ನೋಡಿಯೇ ಹಿಡಿದ.

“ನನಗಿನ್ನೂ ಸಿಟ್ಟಿದೆ,” ಎಂದಳು.

“ಇರ್ಲಿ.”

“ಬೇಗ ಹೋಗಲ್ಲ ಅದು.”

“ನಾನೂ ಹೋಗಲ್ಲ.”